ಮಾತ್ರೆ ಎಣಿಸುವ ಮೊದಲು ಊಟ ಕೇಳಬೇಕಿತ್ತು

ಮೈಸೂರಿನ ಒಂದು ನಗರ ಆರೋಗ್ಯ ಕೇಂದ್ರದಲ್ಲಿ ಟಿಬಿ ರೋಗಿಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಕಫ ಪರೀಕ್ಷೆ ಮಾಡಿಸಬೇಕು, ಮಾತ್ರೆ ಮುಟ್ಟಿಸಬೇಕು, ಆರು ತಿಂಗಳು ಬಿಡದೆ ನುಂಗಿಸಬೇಕು.

ಒಂದು ತಗಡಿನ ಮನೆ. ಒಳಗೆ ಊದುಬತ್ತಿ ಹೊಸೆಯುವ ಹೆಂಗಸು, ತೂಕ 36 ಕೆಜಿ. ದಿನಕ್ಕೆ ಮೂರು ಮಾತ್ರೆ. ಒಂದಿನ ಹೋದಾಗ, ಮುಗಿದಿರಬೇಕಾದ ಸ್ಟ್ರಿಪ್ಪಿನಲ್ಲಿ 12 ಮಾತ್ರೆ ಹಾಗೇ ಇದ್ದವು. "ಯಾಕಮ್ಮ ಹೀಗೆ ಮಾಡ್ತೀಯಾ? ಮಧ್ಯೆ ಬಿಟ್ಟರೆ ಮಾತ್ರೆಗೂ ಬಗ್ಗದ ಟಿಬಿ ಆಗುತ್ತೆ" ಅಂತ ಜೋರು ಮಾಡಿದೆ. ಆಕೆ ತಲೆ ಎತ್ತಲಿಲ್ಲ. ಬೆರಳಿಗೆಲ್ಲ ಇದ್ದಿಲಿನ ಕಪ್ಪು ಮೆತ್ತಿತ್ತು, ಕಡ್ಡಿ ಹೊಸೆಯುತ್ತಲೇ ಇದ್ದಳು. ಆಮೇಲೆ ಮೆಲ್ಲಗೆ ಅಂದಳು: "ಖಾಲಿ ಹೊಟ್ಟೆಗೆ ನುಂಗಿದ್ರೆ ವಾಂತಿ ಆಗುತ್ತೆ ಸಿಸ್ಟರ್. ಬೆಳಿಗ್ಗೆ ಇರೋದು ಮಗನಿಗೇ ಸರಿಹೋಗುತ್ತೆ."

ರಿಜಿಸ್ಟರಿನಲ್ಲಿ ನಾನು ಅಷ್ಟೊತ್ತಿಗೆ "ಮಾತ್ರೆ ಸರಿಯಾಗಿ ತಗೊಳ್ಳುತ್ತಿಲ್ಲ" ಅಂತ ಬರೆದಾಗಿತ್ತು. ಊಟದ ವಿಷಯ ಒಂದು ಸಲವೂ ಕೇಳಿರಲಿಲ್ಲ. ತಪ್ಪು ನನ್ನದೇ.

ಮಾತ್ರೆ ಉಚಿತ, ಅದಕ್ಕೆ ಕೊರತೆ ಇರಲಿಲ್ಲ. ಊಟಕ್ಕೂ ಸರ್ಕಾರ ದುಡ್ಡು ಇಟ್ಟಿದೆ. ನಿಕ್ಷಯ್ ಪೋಷಣ್ ಯೋಜನೆಯಲ್ಲಿ 2018ರಿಂದ ತಿಂಗಳಿಗೆ 500 ರೂಪಾಯಿ ಇತ್ತು, 2024ರ ನವೆಂಬರ್‌ನಿಂದ 1000 ಆಗಿದೆ. ಈಕೆಗೆ ಒಂದು ರೂಪಾಯಿಯೂ ಬಂದಿರಲಿಲ್ಲ. ಬ್ಯಾಂಕ್ ಖಾತೆ ಬಳಸದೆ ನಿಂತುಹೋಗಿತ್ತು. ರೇಷನ್ ಕಾರ್ಡಿನಲ್ಲಿ ಹೆಸರಿದೆ, ಆದರೆ ಊರಿನ ಅತ್ತೆಯ ಕಾರ್ಡಿನಲ್ಲಿ. ಅಕ್ಕಿ ಅಲ್ಲೇ ಖರ್ಚಾಗುತ್ತೆ. ಒಂದೊಂದು ಸವಲತ್ತು ಒಂದೊಂದು ಕಚೇರಿಯಲ್ಲಿ ಕೂತಿದೆ. ದಿನವಿಡೀ ಕಡ್ಡಿ ಹೊಸೆದರೇ ಒಲೆ ಹತ್ತುವ ಮನೆಯವಳು ಎಷ್ಟು ಕಡೆ ಅಲೆಯಬೇಕು? ಅಲೆಯಬೇಕಾದವರು ನಾವು, ಅಲ್ವಾ?

ಆಶಾ ಕಾರ್ಯಕರ್ತೆಯೂ ನಾನೂ ಆಕೆಯನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿ ಕೆವೈಸಿ ಮಾಡಿಸಿದೆವು. ಬಾಕಿ ದುಡ್ಡು ಬಂತು. ಮನೆಗೆ ಮೊಟ್ಟೆ, ಹೆಸರುಕಾಳು ಬಂತು. ಈಗ ಯಾರ ಮನೆಗೆ ಹೋದರೂ ಮೊದಲು "ಊಟ ಆಯ್ತಾ?" ಅಂತ ಕೇಳುತ್ತೇನೆ, ಆಮೇಲೆ ಸ್ಟ್ರಿಪ್ ನೋಡುತ್ತೇನೆ.

ಆದರೆ ಕಿಟಕಿ? ಟಿಬಿ ಗಾಳಿಯಲ್ಲಿ ಹರಡುವ ರೋಗ, ಆ ಮನೆಗೆ ಕಿಟಕಿಯೇ ಇಲ್ಲ. ಅದಕ್ಕೆ ನನ್ನ ಬ್ಯಾಗಿನಲ್ಲಿ ಮದ್ದಿಲ್ಲ. ಇದೇ ಊರಲ್ಲಿ ಪ್ಲೇಗ್ ಬಡಿದ ಮೇಲೆ 1903ರಲ್ಲಿ ಸಿಐಟಿಬಿ ಅಂತ ಊರು ಸುಧಾರಿಸೋಕೇ ಒಂದು ಮಂಡಳಿ ಮಾಡಿ, ಇಕ್ಕಟ್ಟಿನ ಕೇರಿಗಳನ್ನು ಬಿಡಿಸಿ, ಅಗಲ ರಸ್ತೆ ಹಾಕಿ, ಹೊಸ ಬಡಾವಣೆ ಕಟ್ಟಿದರು. ಗಾಳಿ ಬೆಳಕು ಕೊಡುವುದೂ ಸರ್ಕಾರದ ಕೆಲಸ ಅಂತ ಆಗಲೇ ಗೊತ್ತಿತ್ತು. ಈಗ ಯಾಕೆ ಅದು ಬೇರೆ ಇಲಾಖೆಯ ಮಾತಾಗಿಬಿಡುತ್ತೆ?

ಆಕೆಯ ತೂಕ 40 ದಾಟಿದೆ. ಮಗನಿಗೂ ಟಿಬಿ ಬಾರದಂತೆ ಮಾತ್ರೆ ಶುರು ಮಾಡಿದ್ದೇವೆ. ಸ್ಲಂ ಬೋರ್ಡಿನ ಮನೆಗೆ ಅರ್ಜಿ ಕೊಟ್ಟಾಗಿದೆ. ಅಲ್ಲಿಯವರೆಗೆ ಬಾಗಿಲಾಚೆಯ ಕಲ್ಲಿನ ಮೇಲೆ ಕೂತೇ ಮಾತಾಡುತ್ತೇವೆ. ಹಿಟ್ಟು, ಕಡ್ಡಿ, ಮಣೆ ಎಲ್ಲವನ್ನೂ ಆಕೆ ಹೊರಗೇ ತಂದಿಟ್ಟುಕೊಂಡಿರುತ್ತಾಳೆ.