ಬ್ಯಾಂಡ್ ಹಾಕಿಸಿಕೊಂಡರೆ ಎಷ್ಟು ಕೆಜಿ ಇಳಿಯುತ್ತೆ?

ನನಗೆ ಗ್ಯಾಸ್ಟ್ರಿಕ್ ಬ್ಯಾಂಡ್, ಅಂದರೆ ತೂಕ ಇಳಿಸಲು ಜಠರದ ಸುತ್ತ ಹಾಕುವ ಪಟ್ಟಿ, ಹಾಕಿ 8 ವರ್ಷ ಆಯಿತು. ವಿಷಯ ಗೊತ್ತಾದವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಎಷ್ಟು ಕೆಜಿ ಇಳಿಯುತ್ತೆ?" ಆಪರೇಷನ್ ಮಾಡಿಸೋದೋ ಬೇಡವೋ ಅಂತ ಯೋಚಿಸುತ್ತಿರುವವರು ಕೇಳುತ್ತಾರೆ. ಮಾಡಿಸಿಕೊಂಡು ಮೂರು ನಾಲ್ಕು ತಿಂಗಳಾದವರು ಇನ್ನೂ ಆತಂಕದಿಂದ ಕೇಳುತ್ತಾರೆ.

ಚಿಕ್ಕ ಉತ್ತರ ಇದು. ಎರಡು ಮೂರು ವರ್ಷಗಳಲ್ಲಿ, ನಿಮ್ಮ ಹೆಚ್ಚುವರಿ ತೂಕದ ಶೇಕಡಾ 40ರಿಂದ 50ರಷ್ಟು. ಇದರಲ್ಲಿ 'ಹೆಚ್ಚುವರಿ' ಅನ್ನುವ ಪದವೇ ಮುಖ್ಯ. ಅವತ್ತು ಡಾಕ್ಟರ್ ಎದುರು ಕೂತಾಗ ನನ್ನ ಕಿವಿಗೆ ಬಿದ್ದದ್ದು 'ಅರ್ಧ' ಅನ್ನುವುದು ಮಾತ್ರ. ಆಗ ನಾನು 112 ಕೆಜಿ ಇದ್ದೆ. ಅರ್ಧ ಅಂದರೆ 56 ಅಂತ ಮನಸ್ಸಲ್ಲೇ ಲೆಕ್ಕ ಹಾಕಿಕೊಂಡೆ. ಆ ತಪ್ಪು ಲೆಕ್ಕದಿಂದ ಇಡೀ ಒಂದು ವರ್ಷ ನೊಂದಿದ್ದೇನೆ. ಚೆನ್ನಾಗಿಯೇ ಇಳಿಯುತ್ತಿದ್ದ ತೂಕವನ್ನು ಸೋಲು ಅಂದುಕೊಂಡಿದ್ದೆ.

ಸರಿಯಾದ ಲೆಕ್ಕ ಹೀಗೆ. ನಿಮ್ಮ ಎತ್ತರಕ್ಕೆ ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕ ನೋಡುವ ಅಳತೆ) 25 ಬರುವ ತೂಕ ಎಷ್ಟು ಅಂತ ಮೊದಲು ನೋಡಬೇಕು. ಎತ್ತರವನ್ನು ಮೀಟರ್‌ನಲ್ಲಿ ಬರೆದು, ಅದನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಮತ್ತೆ 25ರಿಂದ ಗುಣಿಸಿದರೆ ಆಯಿತು. ನನ್ನ ಎತ್ತರ 160 ಸೆಂಟಿಮೀಟರ್. 1.6 ಗುಣಿಸು 1.6, ಅಂದರೆ 2.56. ಅದು 25 ಸಲ ಅಂದರೆ 64 ಕೆಜಿ. ಆಪರೇಷನ್ ದಿನ ನಾನಿದ್ದದ್ದು 112. ಹಾಗಾಗಿ ಹೆಚ್ಚುವರಿ ತೂಕ 48 ಕೆಜಿ. ಅದರ ಅರ್ಧ 24. ಎಲ್ಲವೂ ಸರಿಯಾಗಿ ನಡೆದರೆ ನಾನು ಮುಟ್ಟಬೇಕಾಗಿದ್ದದ್ದು 88 ಕೆಜಿ. 56 ಅಲ್ಲ, 64 ಕೂಡ ಅಲ್ಲ.

ಇನ್ನೊಂದು ಅಳತೆಯೂ ಇದೆ. ಕೆಲವು ಕಡೆ ಹೆಚ್ಚುವರಿ ತೂಕದ ಲೆಕ್ಕ ಬಿಟ್ಟು, ಒಟ್ಟು ತೂಕದಲ್ಲಿ ಶೇಕಡಾ ಎಷ್ಟು ಇಳಿಯಿತು ಅಂತ ಹೇಳುತ್ತಾರೆ. ಅಮೆರಿಕದ ಹಲವು ಆಸ್ಪತ್ರೆಗಳು ಸೇರಿ ನಡೆಸಿದ 'ಲ್ಯಾಬ್ಸ್' ಅನ್ನುವ ದೊಡ್ಡ ಅಧ್ಯಯನ ಲೆಕ್ಕ ಕೊಟ್ಟಿದ್ದು ಹೀಗೆಯೇ. ಅದರಲ್ಲಿ ಮೂರು ವರ್ಷಕ್ಕೆ ಬ್ಯಾಂಡ್‌ನವರು ಮೊದಲಿದ್ದ ತೂಕದ ಸುಮಾರು 16% ಇಳಿದಿದ್ದರು, ಗ್ಯಾಸ್ಟ್ರಿಕ್ ಬೈಪಾಸ್ (ಜಠರವನ್ನು ಕತ್ತರಿಸಿ ಚಿಕ್ಕದು ಮಾಡಿ ಕರುಳಿಗೆ ಜೋಡಿಸುವ ಆಪರೇಷನ್) ಮಾಡಿಸಿಕೊಂಡವರು ಸುಮಾರು 31%. ಏಳು ವರ್ಷಕ್ಕೆ ಇದು ಸುಮಾರು 15% ಮತ್ತು 28%. ನನ್ನ 112 ಕೆಜಿಗೆ 16% ಅಂದರೆ 18 ಕೆಜಿ. ಹೆಚ್ಚುವರಿ ತೂಕದ ಲೆಕ್ಕದಲ್ಲಿ ನೋಡಿದರೆ ಅದೇ 18 ಕೆಜಿ ಸುಮಾರು 37% ಆಗುತ್ತದೆ. ಕೆಜಿ ಅಷ್ಟೇ, ಆದರೆ ಒಂದು ಕಡೆ ಸಣ್ಣದಾಗಿ ಕಾಣುತ್ತದೆ, ಇನ್ನೊಂದು ಕಡೆ ದೊಡ್ಡದಾಗಿ. ಯಾರಾದರೂ ಶೇಕಡಾ ಲೆಕ್ಕ ಹೇಳಿದರೆ ಯಾವುದರ ಶೇಕಡಾ ಅಂತ ಕೇಳಲೇಬೇಕು.

ಬೈಪಾಸ್‌ನಷ್ಟು ಬ್ಯಾಂಡ್‌ನಲ್ಲಿ ಯಾಕೆ ಇಳಿಯಲ್ಲ? ಬ್ಯಾಂಡ್ ಏನನ್ನೂ ಕತ್ತರಿಸುವುದಿಲ್ಲ. ಜಠರದ ಮೇಲ್ಭಾಗಕ್ಕೆ ಒಂದು ಸಿಲಿಕೋನ್ ಪಟ್ಟಿ ಸುತ್ತುತ್ತಾರೆ, ಅದರ ಮೇಲೆ ಪುಟ್ಟ ಚೀಲದಂಥ ಜಾಗ ಉಳಿಯುತ್ತದೆ. ತಿಂದದ್ದು ಪೂರ್ತಿ ಜೀರ್ಣವಾಗುತ್ತದೆ, ಪೂರ್ತಿ ಮೈಗೆ ಹತ್ತುತ್ತದೆ. ಸ್ಲೀವ್ ಆಪರೇಷನ್‌ನಲ್ಲಾದರೆ ಜಠರದಲ್ಲಿ ಹಸಿವಿನ ಹಾರ್ಮೋನು ಜಾಸ್ತಿ ತಯಾರಾಗುವ ಭಾಗವನ್ನೇ ತೆಗೆದುಬಿಡುತ್ತಾರೆ. ಬ್ಯಾಂಡ್‌ನಲ್ಲಿ ಅದು ಹಾಗೇ ಇರುತ್ತದೆ. ಬ್ಯಾಂಡ್ ಮಾಡುವ ಕೆಲಸ ಒಂದೇ. ಸರಿಯಾದ ಬಿಗಿಯಲ್ಲಿದ್ದಾಗ, ಸ್ವಲ್ಪ ತಿಂದರೂ ಸಾಕು ಅನ್ನಿಸುವಂತೆ ಮಾಡುತ್ತದೆ.

ಆ ಸರಿಯಾದ ಬಿಗಿ ಆಪರೇಷನ್ ದಿನವೇ ಸಿಗುವುದಿಲ್ಲ. ಜನರಿಗೆ ಗಾಬರಿ ಆಗುವುದು ಇಲ್ಲೇ. ಆಪರೇಷನ್‌ಗೆ ಮುಂಚೆ ಸುಮಾರು ಎರಡು ವಾರ ಕಡಿಮೆ ಕ್ಯಾಲರಿಯ ಆಹಾರ ಕೊಡುತ್ತಾರೆ. ಅದು ಯಕೃತ್ತು ಕುಗ್ಗಲಿ ಅಂತ. ಯಕೃತ್ತಿನ ಎಡಭಾಗ ಜಠರದ ಮೇಲೆಯೇ ಕೂತಿರುತ್ತದೆ, ದಪ್ಪ ಇದ್ದರೆ ಸರ್ಜನ್‌ಗೆ ಎತ್ತಿ ಹಿಡಿಯುವುದು ಕಷ್ಟ. ಆಪರೇಷನ್ ಆದಮೇಲೆ ಮತ್ತೆ ಕೆಲವು ವಾರ ದ್ರವ, ಆಮೇಲೆ ಮೆತ್ತಗಿನ ಆಹಾರ. ಈ ಹೊತ್ತಲ್ಲಿ ತೂಕ ಜರ್ರನೆ ಇಳಿಯುತ್ತದೆ. ಆದರೆ ಇಳಿದದ್ದರಲ್ಲಿ ನೀರಿನ ಪಾಲು ಬಹಳ. ಅದನ್ನು ನೋಡಿ ತಿಂಗಳಿಗೆ ಏಳೆಂಟು ಕೆಜಿ ಇಳಿಯುತ್ತೆ ಅಂತ ಲೆಕ್ಕ ಹಾಕಬೇಡಿ.

ಆಮೇಲೆ ಗಟ್ಟಿ ಆಹಾರ ಶುರುವಾಗುತ್ತದೆ. ಬ್ಯಾಂಡ್ ಇನ್ನೂ ಹೆಚ್ಚುಕಡಿಮೆ ಖಾಲಿ. ಮೊದಲ ಫಿಲ್, ಅಂದರೆ ಬ್ಯಾಂಡ್ ಒಳಗೆ ಸಲೈನ್ ತುಂಬಿ ಬಿಗಿ ಮಾಡುವುದು, ಸಾಮಾನ್ಯವಾಗಿ ನಾಲ್ಕರಿಂದ ಆರು ವಾರದ ನಂತರ. ಅಲ್ಲಿಯವರೆಗೆ ಬ್ಯಾಂಡ್ ಜಾಗದಲ್ಲಿ ಕೂತು ಗಾಯ ಮಾಯಬೇಕು. ಹಸಿವು ಹಳೇ ರೀತಿಯಲ್ಲೇ ವಾಪಸ್ ಬರುತ್ತದೆ. ಒಂದೆರಡು ಕೆಜಿ ಏರಲೂಬಹುದು. ಬ್ಯಾಂಡ್ ಹಾಕಿಸಿಕೊಂಡವರು ಈ ಕಾಲವನ್ನು 'ಬ್ಯಾಂಡ್‌ಸ್ಟರ್ ಹೆಲ್' ಅಂತಲೇ ಕರೆಯುತ್ತಾರೆ. ಇದು ನಿಮ್ಮ ತಪ್ಪಲ್ಲ. ಬ್ಯಾಂಡ್ ಇನ್ನೂ ಕೆಲಸಕ್ಕೇ ಇಳಿದಿಲ್ಲ, ಅಷ್ಟೇ.

ಫಿಲ್ ಅಂದರೆ ಏನು ಅಂತಲೂ ಕೇಳುತ್ತಾರೆ. ನನ್ನ ಮೊದಲನೆಯದು ಚೆನ್ನಾಗಿ ನೆನಪಿದೆ. ಅಂಗಾತ ಮಲಗಿಸಿ, ತಲೆ ಸ್ವಲ್ಪ ಎತ್ತಿ ಅಂದರು. ಹೊಟ್ಟೆ ಬಿಗಿಯಾಯಿತು. ಡಾಕ್ಟರ್ ಎರಡು ಬೆರಳಲ್ಲಿ ಚರ್ಮದ ಕೆಳಗೆ ಹುಡುಕಿದರು. ದಪ್ಪ ನಾಣ್ಯದ ಹಾಗೆ ಗಟ್ಟಿಯಾಗಿ ಸಿಕ್ಕಿತು ಪೋರ್ಟ್, ಅಂದರೆ ಟ್ಯೂಬ್ ಮೂಲಕ ಬ್ಯಾಂಡಿಗೆ ಸೇರಿರುವ ಪುಟ್ಟ ಡಬ್ಬಿ. ಸಣ್ಣ ಸೂಜಿ, ಚುರುಕ್ ಅಂದಿತು, ಒಂದೆರಡು ಮಿಲಿಲೀಟರ್ ಸಲೈನ್ ಒಳಗೆ ಹೋಯಿತು. ಎದ್ದು ಕೂರಿಸಿ ಒಂದು ಲೋಟ ನೀರು ಕೊಟ್ಟರು. "ಗುಟುಕು ಗುಟುಕಾಗಿ ಕುಡಿಯಿರಿ, ಅವಸರ ಬೇಡ" ಅಂದರು. ನೀರು ಎದೆಯಲ್ಲಿ ಒಂದು ಕ್ಷಣ ನಿಂತು, ನಿಧಾನಕ್ಕೆ ಕೆಳಗಿಳಿದದ್ದು ನನಗೇ ಗೊತ್ತಾಯಿತು. ನೀರು ಇಳಿದರೆ ಮನೆಗೆ ಹೋಗಬಹುದು. ಇಳಿಯದಿದ್ದರೆ ಸ್ವಲ್ಪ ಸಲೈನ್ ವಾಪಸ್ ತೆಗೆಯುತ್ತಾರೆ.

ಇಂಥ ನಾಲ್ಕೈದು ಭೇಟಿ ಆದಮೇಲೆ ಹಲವರಿಗೆ 'ಹಸಿರು ವಲಯ', ಅಂದರೆ ಆ ಸರಿಯಾದ ಬಿಗಿ, ಸಿಗುತ್ತದೆ. ಅಲ್ಲಿ ವಾರಕ್ಕೆ ಅರ್ಧದಿಂದ ಒಂದು ಕೆಜಿ ಇಳಿದರೆ ಬಹಳ ಒಳ್ಳೆಯದು. ನನಗೆ ಮೊದಲ ವರ್ಷ ಇಳಿದದ್ದು 14 ಕೆಜಿ, ಎರಡನೇ ವರ್ಷ 8, ಮೂರನೇ ವರ್ಷ 2. ಆಮೇಲೆ 3 ಕೆಜಿ ವಾಪಸ್ ಬಂತು. ಈಗ 91ರ ಆಸುಪಾಸಿನಲ್ಲಿದ್ದೇನೆ.

"ಇನ್ನೂ ಸ್ವಲ್ಪ ಬಿಗಿ ಮಾಡಿದರೆ ಬೇಗ ಇಳಿಯುತ್ತೆ ಅಲ್ವಾ?" ಇಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕಂದರೆ ಈ ತಪ್ಪು ನಾನೂ ಮಾಡಿದ್ದೇನೆ. ಹಟ ಹಿಡಿದು ಬಿಗಿ ಮಾಡಿಸಿಕೊಂಡೆ. ಗಟ್ಟಿ ಆಹಾರ ಸಿಕ್ಕಿಕೊಳ್ಳತೊಡಗಿತು. ರಾತ್ರಿ ಮಲಗಿದರೆ ಕೆಮ್ಮು, ಬಾಯಿಗೆ ಹುಳಿ ನೀರು. ಆಗ ಮನುಷ್ಯ ಏನು ಮಾಡುತ್ತಾನೆ? ಸಲೀಸಾಗಿ ಇಳಿಯುವುದನ್ನೇ ತಿನ್ನುತ್ತಾನೆ. ಐಸ್‌ಕ್ರೀಮ್, ಚಾಕೊಲೇಟ್, ಸಿಹಿ ಪಾನೀಯ. ಇವನ್ನು ಯಾವ ಬ್ಯಾಂಡೂ ತಡೆಯುವುದಿಲ್ಲ. ಆ ಎರಡು ತಿಂಗಳಲ್ಲಿ ನನ್ನ ತೂಕ ಏರಿತು. ಅರ್ಧ ಮಿಲಿಲೀಟರ್ ತೆಗೆಸಿದ ಮೇಲೆ ಮತ್ತೆ ಇಳಿಯಿತು.

ಕೆಜಿ ಕಡಿಮೆ ಇಳಿದರೂ ದೇಹಕ್ಕೆ ಸಿಗುವ ಲಾಭ ಕಡಿಮೆಯಲ್ಲ. 2008ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಿಂದ ಒಂದು ಅಧ್ಯಯನ ಬಂತು. ಟೈಪ್ 2 ಸಕ್ಕರೆ ಕಾಯಿಲೆ ಇತ್ತೀಚೆಗೆ ಶುರುವಾಗಿದ್ದ 60 ಜನರಲ್ಲಿ ಅರ್ಧ ಜನಕ್ಕೆ ಬ್ಯಾಂಡ್, ಉಳಿದವರಿಗೆ ಮಾಮೂಲಿ ಚಿಕಿತ್ಸೆ. ಎರಡು ವರ್ಷಕ್ಕೆ ಬ್ಯಾಂಡ್‌ನವರ ತೂಕ ಸುಮಾರು 20% ಇಳಿದಿತ್ತು. ಅವರಲ್ಲಿ 73% ಜನರ ಸಕ್ಕರೆ ಹತೋಟಿಗೆ ಬಂದು ಕಾಯಿಲೆಯ ಲಕ್ಷಣವೇ ಹೋಗಿತ್ತು. ಇನ್ನೊಂದು ಗುಂಪಿನಲ್ಲಿ ಇದು 13% ಮಾತ್ರ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳಬೇಕು. ಬ್ಯಾಂಡ್ ಈಗ ತುಂಬ ಕಡಿಮೆಯಾಗಿದೆ. ಅಮೆರಿಕದಲ್ಲಿ 2011ರಲ್ಲಿ ತೂಕ ಇಳಿಸುವ ಆಪರೇಷನ್‌ಗಳಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಬ್ಯಾಂಡೇ ಇತ್ತು. 2017ರ ಹೊತ್ತಿಗೆ 3%ಗಿಂತ ಕಡಿಮೆ. ಕಾರಣ, ವರ್ಷಗಳು ಕಳೆದಂತೆ ಬ್ಯಾಂಡ್ ಜಾರುವುದು, ಜಠರದ ಗೋಡೆಯನ್ನು ಕೊರೆಯುವುದು, ಮೇಲಿನ ಚೀಲ ಹಿಗ್ಗುವುದು, ಟ್ಯೂಬ್ ಸೋರುವುದು. ಇದರಿಂದ ಎಷ್ಟೋ ಜನ ಮತ್ತೆ ಆಪರೇಷನ್ ಮಾಡಿಸಿ ಬ್ಯಾಂಡ್ ತೆಗೆಸಬೇಕಾಗಿ ಬಂದಿದೆ. ತೆಗೆದರೆ ಹಸಿವು ಹಳೆಯದೇ, ತೂಕವೂ ಏರುತ್ತದೆ. ಹೊಸದಾಗಿ ಯೋಚಿಸುತ್ತಿರುವವರು ಸ್ಲೀವ್, ಬೈಪಾಸ್ ಬಗ್ಗೆಯೂ ಕೇಳಿ ತಿಳಿದುಕೊಳ್ಳಿ. ಈಗಾಗಲೇ ಬ್ಯಾಂಡ್ ಇರುವವರು, ಇದ್ದಕ್ಕಿದ್ದ ಹಾಗೆ ವಾಂತಿ ಶುರುವಾಗಿ ನೀರೂ ನಿಲ್ಲದಿದ್ದರೆ, ಇಲ್ಲವೇ ಹೊಟ್ಟೆ ಜೋರಾಗಿ ನೋಯತೊಡಗಿದರೆ ಬೆಳಗಾಗಲಿ ಅಂತ ಕಾಯಬೇಡಿ. ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಿ.

ಮೊನ್ನೆ ಒಬ್ಬರು ಫೋನ್ ಮಾಡಿ ಅತ್ತರು. ನಾಲ್ಕು ತಿಂಗಳಲ್ಲಿ 7 ಕೆಜಿ ಮಾತ್ರ ಇಳಿದಿದೆಯಂತೆ. ಅವರ ಎತ್ತರ ಕೇಳಿದೆ, ತೂಕ ಕೇಳಿದೆ, ಇಬ್ಬರೂ ಸೇರಿ ಲೆಕ್ಕ ಹಾಕಿದೆವು. ಹೆಚ್ಚುವರಿ ತೂಕ 42 ಕೆಜಿ. ಅಂದರೆ ಆರನೇ ಒಂದು ಪಾಲು ಆಗಲೇ ಹೋಗಿದೆ. ಫಿಲ್ ಎಷ್ಟು ಸಲ ಆಯಿತು ಅಂದೆ. "ಒಂದೇ ಸಲ" ಅಂದರು. ಎರಡನೆಯದಕ್ಕೆ ಮುಂದಿನ ಗುರುವಾರ ಹೋಗುತ್ತಿದ್ದಾರೆ.