ಬುಟ್ಟಿಯನ್ನು ಮೊದಲು ಮಗುಚಿ ನೋಡಿ

ಫೆಬ್ರವರಿ 9, 2025, ಭಾನುವಾರ

ಬೆಳಿಗ್ಗೆ ಕಪಾಟಿನೊಳಗಿನ ತೇವಮಾಪಕ ಶೇ. 28 ತೋರಿಸುತ್ತಿತ್ತು. ಹೊರಗೆ ಹಿಮ, ಒಳಗೆ ಹಗಲಿರುಳೂ ಹೀಟರ್. ಬೆತ್ತಕ್ಕೆ ಇದಕ್ಕಿಂತ ಕೆಟ್ಟ ಕಾಲವಿಲ್ಲ. ಮೇಜಿನ ಮೇಲೆ ಒಂದು ಹಳೆಯ ನ್ಯಾಂಟಕೆಟ್ ಬುಟ್ಟಿ ಇದೆ. ಬಾಯಂಚಿನ ಕಟ್ಟು ನಾಲ್ಕು ಸುತ್ತು ಬಿಚ್ಚಿದೆ. ಇಷ್ಟು ಒಣಗಿರುವಾಗ ಅದನ್ನು ಬಿಗಿಯಲು ಹೋದರೆ ಐದನೆಯ ಸುತ್ತೂ ಪಟ್ಟನೆ ಮುರಿಯುತ್ತದೆ. ಆದ್ದರಿಂದ ಇವತ್ತು ನೋಡುವುದು, ಅಳೆಯುವುದು, ಬರೆದಿಡುವುದು, ಅಷ್ಟೇ.

ನ್ಯಾಂಟಕೆಟ್ ಎಂಬುದು ಅಮೆರಿಕದ ಮ್ಯಾಸಚೂಸೆಟ್ಸ್ ತೀರದಾಚೆಯ ದ್ವೀಪ. ಒಂದು ಕಾಲಕ್ಕೆ ತಿಮಿಂಗಿಲ ಬೇಟೆಯ ರಾಜಧಾನಿಯಾಗಿತ್ತು. ಅದರ ದಕ್ಷಿಣಕ್ಕೆ ಸಮುದ್ರದಡಿ ಮರಳುದಿಬ್ಬಗಳು ಹಬ್ಬಿವೆ. ಅಲ್ಲಿ ದೀಪಸ್ತಂಭ ಕಟ್ಟಲಾಗದೆ 1854ರಲ್ಲಿ ಒಂದು ಹಡಗಿಗೇ ದೀಪ ಕಟ್ಟಿ ಲಂಗರು ಹಾಕಿದರು. ಅದೇ ಸೌತ್ ಶೋಲ್ ದೀಪನೌಕೆ. ಬೇಟೆಯ ಉದ್ಯೋಗ ಕುಸಿಯುತ್ತಿತ್ತು. ದ್ವೀಪದಿಂದ ಕೊನೆಯ ತಿಮಿಂಗಿಲ ಹಡಗು ಹೊರಟದ್ದು 1869ರಲ್ಲಿ. ಕೆಲಸ ಹೋದ ನಾವಿಕರಲ್ಲಿ ಹಲವರು ಈ ನೌಕೆ ಸೇರಿದರು. ತಿಂಗಳುಗಟ್ಟಲೆ ಒಂದೇ ಜಾಗದಲ್ಲಿ ಅಲೆಗಳ ಮೇಲೆ ತೂಗಾಡುವ ಕೆಲಸ. ಚಳಿಗಾಲದ ಹೊತ್ತು ಕಳೆಯಲು ಬುಟ್ಟಿ ಹೆಣೆದರು. ಪತ್ರಕರ್ತ ಗುಸ್ಟಾವ್ ಕೊಬ್ಬೆ 1891ರಲ್ಲಿ ಪ್ರಕಟಿಸಿದ ವರದಿಯಲ್ಲಿ ಇದೆಲ್ಲ ಇದೆ: ಒಂದರೊಳಗೊಂದು ಕೂರುವ ಐದು ಅಥವಾ ಎಂಟು ಬುಟ್ಟಿಗಳ ಜೋಡಣೆ, ನೌಕೆಯಲ್ಲೇ ಇರುತ್ತಿದ್ದ ಅಚ್ಚುಗಳು. ಹೆಣಿಗೆ ದ್ವೀಪದ ಮೇಲೂ ನಡೆದಿತ್ತು ಎಂಬುದನ್ನು ಮರೆಯಬಾರದು. ಈ ಬುಟ್ಟಿಗಳೆಲ್ಲಕ್ಕೂ 'ದೀಪನೌಕೆ ಬುಟ್ಟಿ' ಎಂಬ ಹೆಸರು ಅಂಟಿತು. ಎಲ್ಲವೂ ನೌಕೆಯ ಮೇಲೆ ಹುಟ್ಟಿದವಲ್ಲ.

ನಮ್ಮ ಮೇದರ ಬುಟ್ಟಿಯನ್ನು ಕಣ್ಣಮುಂದೆ ತಂದುಕೊಂಡರೆ ಇದರ ವಿಶೇಷ ಬೇಗ ತಿಳಿಯುತ್ತದೆ. ಮೇದರು ಬಿದಿರಿನ ದಬ್ಬೆಗಳನ್ನು ಅಡ್ಡಡ್ಡ ಇಟ್ಟು ತಳವನ್ನೂ ಹೆಣೆಯುತ್ತಾರೆ. ಆಕಾರ ಕೈಯ ಅಂದಾಜಿನದು. ನ್ಯಾಂಟಕೆಟ್ ಬುಟ್ಟಿಗೆ ತಳ ಹೆಣಿಗೆಯದಲ್ಲ, ಮರದ ದುಂಡು ಹಲಗೆ. ಅದರ ಅಂಚಿನ ಸುತ್ತ ಸಣ್ಣ ಕಾಲುವೆ ಕೊರೆದಿರುತ್ತದೆ. ಹಲಗೆಯನ್ನು ಮರದ ಅಚ್ಚಿನ ಮೇಲೆ ತಲೆಕೆಳಗಾಗಿ ಸ್ಕ್ರೂನಿಂದ ಬಿಗಿದು, ಓಕ್, ಹಿಕರಿ ಅಥವಾ ಆ್ಯಶ್ ಮರದ ತೆಳು ದಬ್ಬೆಗಳನ್ನು ಕಾಲುವೆಯೊಳಗೆ ತೂರಿಸಿ, ನೆನೆಸಿ, ಅಚ್ಚಿನ ಮೈಗೆ ಬಾಗಿಸಿ ಕಟ್ಟುತ್ತಾರೆ. ಆಮೇಲೆ ಬೆತ್ತದ ಎಳೆಯಿಂದ ತಳದ ಕಡೆಯಿಂದ ಬಾಯಿಯ ಕಡೆಗೆ ಹೆಣಿಗೆ. ಕೊನೆಗೆ ಒಳಗೊಂದು ಹೊರಗೊಂದು ಮರದ ಬಳೆ ಕೂರಿಸಿ ಬೆತ್ತದಿಂದ ಸುತ್ತಿ ಕಟ್ಟುತ್ತಾರೆ. ಕಾಲುವೆ, ದಬ್ಬೆ, ಬಳೆ ಮೂರೂ ತಿಮಿಂಗಿಲ ಎಣ್ಣೆಯ ಪೀಪಾಯಿ ಮಾಡುವವರ ಲೆಕ್ಕ. ಈ ಬುಟ್ಟಿ ಪೀಪಾಯಿಯ ತಮ್ಮ ಎಂದರೆ ತಪ್ಪಿಲ್ಲ. ಬೆತ್ತ ಮಾತ್ರ ಆ ದೇಶದ್ದಲ್ಲ. ಚೀನಾ ವ್ಯಾಪಾರದ ಹಡಗುಗಳು ಆಗ್ನೇಯ ಏಷ್ಯಾದಿಂದ ಅದನ್ನು ತರುತ್ತಿದ್ದವು, ಎಷ್ಟೋ ಸಲ ಸರಕು ಅಲುಗಾಡದಿರಲೆಂದು ಸಂದಿಗೆ ತುರುಕುವ ತುಂಬುವಸ್ತುವಾಗಿ. ನಮ್ಮ ಪಶ್ಚಿಮ ಘಟ್ಟದ ಬೆತ್ತವೂ ಅದರ ಕುಲದ್ದೇ.

ಇನ್ನು ಪರೀಕ್ಷೆ. ಕೊಳ್ಳಲು ಹೋದವರು ಬುಟ್ಟಿಯ ಮುಖ ನೋಡುತ್ತಾರೆ, ಹಿಡಿ ಹಿಡಿದು ಎತ್ತುತ್ತಾರೆ. ಎರಡೂ ತಪ್ಪು. ಹಿಡಿಯನ್ನು ಬುಟ್ಟಿಗೆ ಕೂಡಿಸುವ ಕಿವಿಗಳು ನೂರು ವರ್ಷ ಹಳೆಯವು; ಎರಡು ಕೈಗಳಿಂದ ತಳ ಹಿಡಿದು ಎತ್ತಿ, ಮೆತ್ತನೆಯ ಬಟ್ಟೆಯ ಮೇಲೆ ಮಗುಚಿ. ಮಾತಾಡುವುದು ತಳ.

ಹಲಗೆಯನ್ನು ತಿರುಗಣಿಯಲ್ಲಿ ಕಡೆದಿದ್ದರೆ ಒಂದರ ಸುತ್ತ ಒಂದು ಉಂಗುರಗೆರೆ ಕಾಣುತ್ತದೆ. ಒಬ್ಬೊಬ್ಬ ಕೆಲಸಗಾರನ ಉಂಗುರದ ರೀತಿ ಒಂದೊಂದು. ನಟ್ಟನಡುವೆ ಅಚ್ಚಿಗೆ ಬಿಗಿದ ಸ್ಕ್ರೂವಿನ ತೂತು ಇರಬೇಕು, ಅಥವಾ ಅದನ್ನು ಮುಚ್ಚಿದ ಬಿರಡೆ. ಅಲ್ಲಿ ತಲೆಯ ಮೇಲೆ ಕೂಡು ಗುರುತಿನಂಥ (+) ಗೀರಿರುವ, ಅಂದರೆ ಫಿಲಿಪ್ಸ್ ಮಾದರಿಯ ಸ್ಕ್ರೂ ಕಂಡರೆ ಆ ಸ್ಕ್ರೂ 1930ರ ದಶಕಕ್ಕಿಂತ ಹಿಂದಿನದಲ್ಲ. ಬುಟ್ಟಿ ಹಳೆಯದಿದ್ದರೂ ಯಾರೋ ಬಿಚ್ಚಿ ಜೋಡಿಸಿದ್ದಾರೆ ಎಂದರ್ಥ. ಸವೆತ ನೆಲ ಮುಟ್ಟುವ ಕಡೆ ಮಾತ್ರ ಇರಬೇಕು. ತಳದ ನಡು ತುಸು ಒಳಸರಿದಿದ್ದು, ಅಲ್ಲಿಯೂ ಹೊರ ಉಂಗುರದಷ್ಟೇ ಗೀರುಗಳಿದ್ದರೆ ಅದು ಉಜ್ಜುಕಾಗದದ ಕೆಲಸ.

ಹಿಡಿಗೂ ಇದೇ ಮಾತು. ಬೀಳುಹಿಡಿಯಾದರೆ, ಅಂದರೆ ಕೀಲಿನ ಮೇಲೆ ಪಕ್ಕಕ್ಕೆ ಬೀಳುವ ಹಿಡಿಯಾದರೆ, ಅದು ಮಲಗುವ ಕಡೆ ಬಾಯಂಚಿನ ಮೇಲೆ ತಗ್ಗು ಬಿದ್ದಿರಬೇಕು, ಕಿವಿಯ ಕೀಲು ತುಸು ಸಡಿಲವಿರಬೇಕು. ಕಿವಿ ಹಿತ್ತಾಳೆಯದೋ ಮರದ್ದೋ ಇರಬಹುದು, ಕೆಲವದಕ್ಕೆ ಮೂಳೆ. ಹಿಡಿ ಹೊಳೆಯುವಷ್ಟು ಸವೆದಿದ್ದು ಅಂಚು ಹೊಸದಾಗಿದ್ದರೆ ಎರಡರಲ್ಲೊಂದು ಬೇರೆಯ ಬುಟ್ಟಿಯದು.

ದಬ್ಬೆಗಳನ್ನು ಎಣಿಸಿ. ಒಂದೇ ಎಳೆ ಸುತ್ತುತ್ತ ಹೋಗಬೇಕಾದರೆ ಸಂಖ್ಯೆ ಬೆಸವಾಗಿರಬೇಕು. ಆಗಲೇ ಒಂದು ಸುತ್ತಿನಲ್ಲಿ ದಬ್ಬೆಯ ಮೇಲೆ ಹೋದ ಎಳೆ ಮುಂದಿನ ಸುತ್ತಿನಲ್ಲಿ ಅದರ ಕೆಳಗೆ ಹೋಗುತ್ತದೆ. ಒಂದು ದಬ್ಬೆ ಮುರಿದಾಗ ಅದನ್ನು ಕಿತ್ತು, ಪಕ್ಕದವನ್ನು ಸರಿಸಿ ಮುಚ್ಚಿದವರುಂಟು. ಎಣಿಕೆ ಸಮಸಂಖ್ಯೆಗೆ ಬಂದರೆ ಎರಡು ಪಕ್ಕದ ದಬ್ಬೆಗಳ ಮೇಲೆ ಎಳೆ ಒಟ್ಟಿಗೆ ಹಾದ ಜಾಗ ಹುಡುಕಿ. ಬಿರುಕು ಸಾಮಾನ್ಯವಾಗಿ ದಬ್ಬೆ ತಳದಿಂದ ಮೇಲಕ್ಕೆ ಬಾಗುವ ಕಡೆ ಬರುತ್ತದೆ. ನಾರು ಅಲ್ಲೇ ಹೆಚ್ಚು ಎಳೆತ ತಿಂದಿರುತ್ತದೆ. ಒಳಗೆ ಸಣ್ಣ ಟಾರ್ಚ್ ಇಟ್ಟು ಕೋಣೆ ಕತ್ತಲು ಮಾಡಿದರೆ ಗೆರೆ ಗೆರೆಯಾಗಿ ಕಾಣುತ್ತದೆ.

ಅತಿನೇರಳೆ ಟಾರ್ಚ್ ಕೂಡ ಇಟ್ಟುಕೊಳ್ಳುವುದು ಒಳ್ಳೆಯದು. ಹಳೆಯ ಅರಗಿನ ಮೆರುಗು ಅದರ ಬೆಳಕಿಗೆ ಕಿತ್ತಳೆ ಬಣ್ಣಕ್ಕೆ ಮಿನುಗುತ್ತದೆ. ಹೊಸ ವಾರ್ನಿಷ್ ಹಾಗೆ ಮಿನುಗುವುದಿಲ್ಲ, ತೇಪೆ ಹಾಕಿದ ಕಡೆ ಬೇರೆ ಬಣ್ಣ ತೋರುತ್ತದೆ. ಚಹಾ ಅಥವಾ ಬಣ್ಣದ ಎಣ್ಣೆಯಲ್ಲಿ ಮುಳುಗಿಸಿ ಹಳೆಯದು ಮಾಡಿದ ಬುಟ್ಟಿ ಒಳಗೂ ಹೊರಗೂ, ಎಳೆಯ ಕೆಳಗಿನ ಮರೆಯಲ್ಲೂ ಒಂದೇ ಕಂದು. ನಿಜವಾದ ವಯಸ್ಸು ಬೆಳಕು ತಾಗಿದ ಕಡೆ ಗಾಢ, ಅಂಚಿನ ಬಳೆಯ ಮರೆಯಲ್ಲಿ ತಿಳಿ.

ಐದರ ಅಥವಾ ಎಂಟರ ಜೋಡಣೆ ಸಿಕ್ಕಿದರೆ ಹಿಗ್ಗಿ ಕೊಳ್ಳಬೇಡಿ, ಪ್ರತಿಯೊಂದನ್ನೂ ಮಗುಚಿ ಸಾಲಾಗಿಡಿ. ಉಂಗುರಗೆರೆ, ಹಲಗೆಯ ಮರ, ಕಿವಿಯ ಆಕಾರ, ಅಂಚಿನ ಕಟ್ಟಿನ ದಿಕ್ಕು ಎಲ್ಲದರಲ್ಲೂ ಒಂದೇ ಇರಬೇಕು. ಬೇರೆ ಬೇರೆ ಕೈಯ ಬುಟ್ಟಿಗಳನ್ನು ಅಳತೆ ನೋಡಿ ಜೋಡಿಸಿ ಮಾರುವುದು ಹೊಸದೇನಲ್ಲ. ಒಂದರೊಳಗೊಂದು ಬಿಗಿಯಾಗಿ ಕೂತು ಎಳೆದರೆ ಬಾರದಂತಿದ್ದರೆ ಅದು ಒಂದೇ ಅಚ್ಚುಸಾಲಿನದಲ್ಲವೆಂಬ ಅನುಮಾನ ಇರಲಿ.

ಹೆಸರು ಗೊತ್ತಿರುವ ಕೈಗಳೂ ಉಂಟು. ಮಿಚೆಲ್ ರೇ (1877–1956) ತನ್ನ ಬುಟ್ಟಿಯ ತಳಕ್ಕೆ ಪುಟ್ಟ ಪದ್ಯವಿರುವ ಕಾಗದ ಅಂಟಿಸುತ್ತಿದ್ದ. ಅವನಿಂದ ಕಲಿತವರು ಫಿಲಿಪ್ಪೀನ್ಸಿನ ಹೊಸೆ ಫೊರ್ಮೊಸೊ ರೆಯೆಸ್. 1945ರಲ್ಲಿ ದ್ವೀಪಕ್ಕೆ ಬಂದು 1948ರಲ್ಲಿ ಬುಟ್ಟಿಗೆ ಮುಚ್ಚಳ ಹಾಕಿ ಹೆಂಗಸರ ಕೈಚೀಲ ಮಾಡಿದರು. ನಾವಿಕರ ಕಸುಬು ಆರಿಹೋಗದೆ ಉಳಿದದ್ದರಲ್ಲಿ ಏಷ್ಯಾದ ಈ ಕೈಯ ಪಾಲು ದೊಡ್ಡದು. ಅದಕ್ಕೆ ಸಲ್ಲಬೇಕಾದ ಗೌರವ ಸಲ್ಲಲೇಬೇಕು. ಆ ಚೀಲಗಳ ಮುಚ್ಚಳದ ಮೇಲೆ ಕೆತ್ತಿದ ದಂತದ ತಿಮಿಂಗಿಲ ಇರುವುದುಂಟು. ಅಮೆರಿಕದಲ್ಲಿರುವ ಕನ್ನಡಿಗರು ಇಂಥದ್ದನ್ನು ಊರಿಗೆ ಉಡುಗೊರೆಯಾಗಿ ಒಯ್ಯುವ ಯೋಚನೆ ಮಾಡಬಾರದು. ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ದಂತದ ವ್ಯಾಪಾರ ನಿಷೇಧಿಸಿದೆ, ದೇಶದಿಂದ ದೇಶಕ್ಕೆ ಸಾಗಿಸಲೂ ಕಟ್ಟುನಿಟ್ಟಿನ ನಿರ್ಬಂಧವಿದೆ. ದಂತವೋ ಮೂಳೆಯೋ ಎಂದು ತಿಳಿಯಲು ಕಾದ ಸೂಜಿ ಚುಚ್ಚುವವರಿದ್ದಾರೆ. ಅದು ವಸ್ತುವಿಗೆ ಮಾಡುವ ಗಾಯ. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಸಾಕು: ಮೂಳೆಯಲ್ಲಿ ಕಪ್ಪು ಚುಕ್ಕಿಯಂಥ ಸಣ್ಣ ರಂಧ್ರಗಳು, ಆನೆದಂತದ ಅಡ್ಡಕೊಯ್ತದಲ್ಲಿ ಒಂದನ್ನೊಂದು ದಾಟುವ ಗೆರೆಗಳು.

ಸಂಜೆ ಆರಕ್ಕೆ ತೇವಮಾಪಕ ಶೇ. 41. ಕೋಣೆಯಲ್ಲಿ ಗಾಳಿಗೆ ತೇವ ಕೊಡುವ ಯಂತ್ರ ಓಡುತ್ತಿದೆ. ನಲವತ್ತೈದರಿಂದ ಐವತ್ತೈದರ ನಡುವೆ ನಿಂತರೆ ಬೆತ್ತ ನೆಮ್ಮದಿಯಾಗಿರುತ್ತದೆ. ಅರವತ್ತೈದು ದಾಟಿದರೆ ಬೂಷ್ಟು. ಒಂದೇ ದಿನದಲ್ಲಿ ಪೂರ್ತಿ ಅಷ್ಟಕ್ಕೆ ಏರಿಸುವುದೂ ಕೆಟ್ಟದ್ದು: ದಬ್ಬೆ ಮತ್ತು ಬೆತ್ತ ಒಂದೇ ವೇಗದಲ್ಲಿ ಹಿಗ್ಗುವುದಿಲ್ಲ, ಕಟ್ಟು ಸಡಿಲಾಗುತ್ತದೆ.

ಕಟ್ಟಿಗೆ ಹಾಕಲಿರುವ ಎಳೆ 2.25 ಮಿಲಿಮೀಟರಿನದು. ಉಳಿದ ಹಳೆಯ ಸುತ್ತಿನ ಅಗಲವೂ ಅಷ್ಟೇ. ಉಗುರುಬೆಚ್ಚಗಿನ ನೀರಿನಲ್ಲಿ ಹದಿನೈದು ನಿಮಿಷ ನೆನೆದರೆ ಸಾಕು. ಗಂಟೆಗಟ್ಟಲೆ ಬಿಟ್ಟರೆ ಬೆತ್ತ ಬೂದು ಬಣ್ಣಕ್ಕೆ ತಿರುಗುತ್ತದೆ. ಹೊಳೆಯುವ ಮೈ ಹೊರಗೆ. ಹಳೆಯ ತುಂಡುಗಳನ್ನು ಎಸೆಯದೆ ಲಕೋಟೆಯಲ್ಲಿ ಹಾಕಿ ಬುಟ್ಟಿಯ ಜೊತೆಗೇ ಇಡಬೇಕು. ಬಿರುಕಿರುವ ಒಂದು ದಬ್ಬೆಗೆ ಒಳಗಿನಿಂದ ಜಪಾನಿ ನಾರುಕಾಗದದ ಪಟ್ಟಿ, ಅಂಟಾಗಿ ಗೋಧಿಗಂಜಿ. ಹಲ್ವಕ್ಕೆಂದು ಗೋಧಿ ಹಾಲು ತೆಗೆದಾಗ ತಳದಲ್ಲಿ ನಿಲ್ಲುವ ಬಿಳಿ ಪಿಷ್ಟವಿದೆಯಲ್ಲ, ಅದೇ ಜಾತಿಯದು. ಬೇಡವೆನಿಸಿದಾಗ ಒದ್ದೆ ಹತ್ತಿ ಇಟ್ಟರೆ ಬಿಡುತ್ತದೆ. ಫೆವಿಕಾಲ್ ಹಾಗೆ ಬಿಡದು. ಅಗಸೆ ಎಣ್ಣೆ ಬಳಿಯಬೇಡಿ, ಎಷ್ಟೇ ಜನ ಹೇಳಲಿ. ಅದು ಕಪ್ಪಾಗುತ್ತದೆ, ಅಂಟಾಗುತ್ತದೆ, ಧೂಳು ಹಿಡಿಯುತ್ತದೆ, ಮತ್ತೆ ತೆಗೆಯಲಾಗದು.

ಹುಳುವಿನ ತೂತು ಎರಡು ಸಿಕ್ಕಿವೆ, ಹಿಡಿಯ ಬುಡದಲ್ಲಿ. ಕೆಳಗೆ ಕಪ್ಪು ಕಾಗದ ಹಾಸಿ ಇಟ್ಟಿದ್ದೇವೆ. ವಾರದೊಳಗೆ ಹಿಟ್ಟಿನಂಥ ಪುಡಿ ಉದುರಿದರೆ ಹುಳು ಜೀವಂತ. ಆಗ ಪಾಲಿಥಿನ್ ಚೀಲದಲ್ಲಿ ಗಾಳಿಯಾಡದಂತೆ ಸುತ್ತಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಎರಡು ವಾರ; ಹೊರತೆಗೆದ ಮೇಲೆ ಒಂದು ದಿನ ಪೂರ್ತಿ ಚೀಲ ಬಿಚ್ಚಬಾರದು, ಇಲ್ಲದಿದ್ದರೆ ತಣ್ಣನೆಯ ಮೈಮೇಲೆ ನೀರು ಕಟ್ಟುತ್ತದೆ.

ಬುಟ್ಟಿಯ ಜೊತೆ ಬಂದ ಚೀಟಿಯಲ್ಲಿ 'ದೀಪನೌಕೆಯ ಮೇಲೆ ಹೆಣೆದದ್ದು, 1870' ಎಂದಿದೆ. ತಳದಲ್ಲಿ ಹೆಸರಿಲ್ಲ, ಸುಟ್ಟ ಮುದ್ರೆಯಿಲ್ಲ, ಕಾಗದದ ಗುರುತೂ ಇಲ್ಲ. ಚೀಟಿಯನ್ನು ಲಕೋಟೆಗೆ ಹಾಕಿದೆವು. ನಮ್ಮ ದಾಖಲೆ ಹಾಳೆಯಲ್ಲಿ ಬರೆದದ್ದು ಇಷ್ಟು:

ನ್ಯಾಂಟಕೆಟ್ ಮಾದರಿಯ ದುಂಡು ಬುಟ್ಟಿ, ಬೀಳುಹಿಡಿ, ಹಿತ್ತಾಳೆ ಕಿವಿ. ಬಾಯಿ 23 ಸೆಂ.ಮೀ., ಎತ್ತರ 14. ದಬ್ಬೆ 37. ತಳದಲ್ಲಿ ಮೂರು ಉಂಗುರ, ನಡುವೆ ಬಿರಡೆ. ಹೊರ ಉಂಗುರ ಸವೆದಿದೆ. ಅಂಚಿನ ಕಟ್ಟು ನಾಲ್ಕು ಸುತ್ತು ಇಲ್ಲ. ಹೆಣೆದವರು: ತಿಳಿಯದು.