ತಾನಾಗಿ ಮುಚ್ಚಬೇಕಾದ ಗೇಟು

ಆಳಂದ ರಸ್ತೆಯ ಕಡೆ ಅಣ್ಣನ ತೋಟದ ಮನೆಯಲ್ಲಿ ಒಂದು ಸಣ್ಣ ಈಜುಕೊಳ ಇದೆ. ಕಲಬುರಗಿಯ ಮೇ ತಿಂಗಳ ಬಿಸಿಲು ಕಂಡವರು ಅದನ್ನು ಶೋಕಿ ಅನ್ನಲಾರರು. 42 ಡಿಗ್ರಿ ದಾಟಿದ ಮಧ್ಯಾಹ್ನ ಮಕ್ಕಳಾದರೂ ಎಲ್ಲಿಗೆ ಹೋಗಬೇಕು? ಈ ಸಲ ರಜೆಗೆ ಅಕ್ಕನ ಮೂರು ವರ್ಷದ ಮಗನೂ ಬರುವವನಿದ್ದ. ಅವನು ಬರುವ ಮೊದಲು ಕೊಳದ ಗೇಟನ್ನೊಮ್ಮೆ ನೋಡಬೇಕೆಂದು ಹೋದೆ.

ಗೇಟಿಗೆ ಸ್ಪ್ರಿಂಗ್ ಬಿಜಾಗರಿ ಇದೆ. ಕೈಬಿಟ್ಟರೆ ತಾನೇ ತಿರುಗಿ ಬಂದು ಕಂಬಕ್ಕೆ ಬಡಿಯಿತು, ಆದರೆ ಕೊಂಡಿ ಬೀಳಲಿಲ್ಲ. ಬಗ್ಗಿ ನೋಡಿದೆ. ಕೊಂಡಿಯ ನಾಲಿಗೆ ಹೋಗಿ ಕೂರಬೇಕಾದ ತೂತಿಗಿಂತ ಒಂದು ಬೆರಳು ಕೆಳಗೆ, ಕಂಬದ ಹಸಿರು ಬಣ್ಣ ಉಜ್ಜಿ ಉಜ್ಜಿ ಕಿತ್ತು, ಕಬ್ಬಿಣ ಬೆಳ್ಳಗೆ ಹೊಳೆಯುತ್ತಿತ್ತು. ಹಾಗೆ ಗೆರೆ ಬೀಳಲು ತಿಂಗಳುಗಳೇ ಬೇಕು. ಅಷ್ಟು ಕಾಲವೂ ಅದು ಮುಚ್ಚಿದ ಹಾಗೆ ಕಾಣುತ್ತ ತೆರೆದೇ ಇತ್ತು. ನನಗೆ ಎದೆ ಧಸಕ್ಕೆಂದಿತು. ಹಾರು ಹೊಡೆದ ಗೇಟನ್ನು ಕಂಡವರು ಮುಚ್ಚುತ್ತಾರೆ, ಮುಚ್ಚಿದಂತೆ ಕಾಣುವ ಗೇಟಿನ ಕಡೆ ಯಾರೂ ತಿರುಗಿಯೂ ನೋಡುವುದಿಲ್ಲ.

"ನಾ ಇಲ್ಲೇ ಇರ್ತೀನಲ್ಲ, ಕೂಸಿನ ಮ್ಯಾಲ ಕಣ್ಣಿಟ್ಟೇ ಇರ್ತೀನಿ" ಅಂದರು ವೈನಿ, ಅಣ್ಣನ ಹೆಂಡತಿ. ಅವರ ಕಾಳಜಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಸಣ್ಣ ಮಗು ಮುಳುಗುವಾಗ ಕೂಗುವುದಿಲ್ಲ, ಕೂಗಲು ಅದಕ್ಕೆ ಉಸಿರೇ ಇರುವುದಿಲ್ಲ. ಒಲೆಯ ಮೇಲಿನ ಹಾಲು ಇಳಿಸಿ ಬರುವಷ್ಟರಲ್ಲಿ ಮುಗಿದುಹೋಗಿರುತ್ತದೆ. ಜಗತ್ತಿನಲ್ಲಿ ನೀರಿನಲ್ಲಿ ಮುಳುಗಿ ಸಾಯುವವರಲ್ಲಿ ಸುಮಾರು ನಾಲ್ಕನೇ ಒಂದು ಪಾಲು ಐದು ವರ್ಷದೊಳಗಿನ ಮಕ್ಕಳು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿ ಹೇಳುತ್ತದೆ. ಮನುಷ್ಯರ ನೆನಪನ್ನು ನಂಬದೆ ಗೇಟು ತನ್ನ ಕೆಲಸ ತಾನು ಮಾಡಬೇಕು.

ನಮ್ಮ ಮನೆಯ ಕೊಳಕ್ಕೆ ಬಂದು ಅಳತೆ ಹಿಡಿದು ನೋಡಿದವರು ಯಾರೂ ಇಲ್ಲ. ಕಾಕಾನ ಮಗ ಇರುವ ಮೆಲ್ಬರ್ನ್‌ನಲ್ಲಿ ಹಾಗಲ್ಲ. ಅಲ್ಲಿ 30 ಸೆಂಟಿಮೀಟರಿಗಿಂತ ಹೆಚ್ಚು ನೀರು ನಿಲ್ಲುವ ಕೊಳಕ್ಕೆಲ್ಲ ಬೇಲಿ ಕಡ್ಡಾಯ, ನಾಲ್ಕು ವರ್ಷಕ್ಕೊಮ್ಮೆ ತಪಾಸಣೆಯ ಸರ್ಟಿಫಿಕೇಟ್ ಕೊಡಬೇಕು. ಅವನಿಗೆ ಫೋನ್ ಹಚ್ಚಿ ಅಳತೆಗಳನ್ನು ಬರೆದುಕೊಂಡೆ. ಬೇಲಿ 1.2 ಮೀಟರ್ ಎತ್ತರ. ನೆಲಕ್ಕೂ ಗೇಟಿಗೂ ನಡುವೆ 10 ಸೆಂಟಿಮೀಟರಿಗಿಂತ ಹೆಚ್ಚು ಸಂದಿ ಇರಬಾರದು. ಗೇಟು ಕೊಳದಿಂದ ಹೊರಕ್ಕೆ ತೆರೆಯಬೇಕು, ಮಗು ಹೊರಗಿನಿಂದ ನೂಕಿದರೆ ಇನ್ನೂ ಬಿಗಿಯಾಗಬೇಕು. ನಮ್ಮದು ಒಳಕ್ಕೆ ತೆರೆಯುತ್ತಿತ್ತು. ಮೇಲಾಗಿ ಅಂದಕ್ಕೆಂದು ಅಡ್ಡಪಟ್ಟಿಗಳ ಡಿಸೈನು, ಹತ್ತುವ ಮಗುವಿಗೆ ಅದು ನಿಚ್ಚಣಿಕೆಯೇ.

ವೆಲ್ಡಿಂಗ್ ಉಸ್ತಾದರು ಬಂದರು. ಜೊತೆಗಿದ್ದ ಹುಡುಗ, "ತೂತು ಒಂದೀಟು ಕೆಳಗ ಮಾಡಿದ್ರ ಆಯ್ತಲ್ರಿ" ಅಂದ. ಉಸ್ತಾದರು ಉತ್ತರ ಕೊಡದೆ ಬಿಜಾಗರಿ ಇರುವ ಕಂಬಕ್ಕೆ ತೂಗುಗುಂಡು ಇಳಿಬಿಟ್ಟರು. ದಾರ ಕಂಬದ ಬುಡದಿಂದ ಎರಡು ಬೆರಳು ದೂರ ನಿಂತಿತು.

"ಇದು ಬಿಜಾಗರಿ ತಪ್ಪಲ್ರಿ, ಮಣ್ಣಿಂದು. ಎರಿ ಭೂಮಿ ಮಳ್ಯಾಗ ಉಬ್ಬತದ, ಬ್ಯಾಸಿಗ್ಯಾಗ ಬಿರೀತದ. ಅದರಾಗ ಕಂಬ ಹೆಂಗ ನೆಟ್ಟಗ ನಿಂದರಬೇಕು? ಈಗ ತೂತು ಇಳಿಸಿದ್ರ ಮಳಿಗಾಲ ಮುಗಿಯೂದ್ರಾಗ ಮತ್ತ ಏರಿಸಬೇಕಾಗ್ತದ."

ಕೊಂಡಿಯ ಕಡೆಯ ಕಂಬ ಕೊಳದ ಕಾಂಕ್ರೀಟಿನಲ್ಲಿ ಗಟ್ಟಿಯಾಗಿತ್ತು. ಬಿಜಾಗರಿಯ ಕಂಬ ಮಾತ್ರ ಎರೆಮಣ್ಣಿನಲ್ಲಿ. ಅದು ಗೇಟಿನ ಕಡೆಗೆ ವಾಲಿದ್ದರಿಂದ ಗೇಟಿನ ತುದಿ ಜೋತುಬಿದ್ದಿತ್ತು. ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲು ಎಬ್ಬಿಸಿ, ಎರೆಮಣ್ಣಿನ ಕೆಳಗಿನ ಗಟ್ಟಿ ಗರಸು ಸಿಗುವ ತನಕ ಅಗೆಸಿದೆವು. ಕಂಬವನ್ನು ಗರಸಿನಲ್ಲೇ ಕಾಂಕ್ರೀಟು ಹಾಕಿ ನಿಲ್ಲಿಸಿ, ಎರಡೂ ಕಂಬದ ಬುಡವನ್ನು ನೆಲದಡಿಯಲ್ಲಿ ಒಂದು ಕಬ್ಬಿಣದ ಚಾನಲ್‌ಗೆ ಸೇರಿಸಿ ವೆಲ್ಡ್ ಮಾಡಿದರು. ಮಣ್ಣು ಇನ್ನೇನೇ ಆಟ ಆಡಲಿ, ಎರಡು ಕಂಬಗಳ ನಡುವಿನ ಅಂತರ ಬದಲಾಗಬಾರದು. ಇದು ಉಸ್ತಾದರದೇ ಉಪಾಯ, ನನ್ನ ಚೀಟಿಯಲ್ಲಿ ಇರಲಿಲ್ಲ. ಕಾಂಕ್ರೀಟು ಬಲಿತ ಮೇಲೆ ಗೇಟನ್ನು ಹೊರಕ್ಕೆ ತೆರೆಯುವಂತೆ ತಿರುಗಿಸಿ ಕೂರಿಸಿ, ಅಡ್ಡಪಟ್ಟಿ ಕತ್ತರಿಸಿ ಉದ್ದ ಸರಳು ಹಾಕಿ, ಕೊಂಡಿಯನ್ನು ನೆಲದಿಂದ ಒಂದೂವರೆ ಮೀಟರ್ ಎತ್ತರಕ್ಕೆ ಏರಿಸಿದರು.

ಕೆಲಸ ನಡೆಯುವಾಗ ಅವರು ತಮ್ಮೂರಿನ ಕೃಷಿ ಹೊಂಡಗಳ ಮಾತು ತೆಗೆದರು. ಪ್ಲಾಸ್ಟಿಕ್ ಹಾಸಿದ ಇಳಿಜಾರಿನಲ್ಲಿ ಕಾಲು ಜಾರಿದರೆ ದೊಡ್ಡವರಿಗೂ ಹತ್ತಿ ಬರಲಾಗದು. ಸರ್ಕಾರದ ಕೃಷಿ ಭಾಗ್ಯ ಯೋಜನೆಯಲ್ಲಿ ಹೊಂಡದ ಸುತ್ತ ತಂತಿ ಬೇಲಿಗೂ ಸಹಾಯಧನ ಇದೆ. "ತಂತಿ ಹಾಕ್ತಾರ್ರಿ, ದಾರಿ ಬಿಟ್ಟಲ್ಲಿ ಒಂದು ಮುಳ್ಳಕಂಟಿ ಇಡ್ತಾರ" ಅಂದರು. ಬೇಲಿಯ ಬಲವೆಲ್ಲ ಅದರ ಬಾಗಿಲಿನಲ್ಲಿದೆ ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಗೇಟನ್ನು ಪೂರ್ತಿ ತೆರೆದು ಬಿಟ್ಟೆವು, ಅರ್ಧ ತೆರೆದು ಬಿಟ್ಟೆವು, ಕೊನೆಗೆ ಬೆರಳು ತೂರುವಷ್ಟೇ ಸಂದಿ ಇಟ್ಟು ಬಿಟ್ಟೆವು. ಈ ಕಡೆಯದೇ ನಿಜವಾದ ಪರೀಕ್ಷೆ, ಏಕೆಂದರೆ ಅಷ್ಟು ಹತ್ತಿರದಿಂದ ಗೇಟಿಗೆ ಓಟವೇ ಸಿಗುವುದಿಲ್ಲ. ಸ್ಪ್ರಿಂಗ್ ಇನ್ನಷ್ಟು ಬಿಗಿ ಮಾಡಿದ ಮೇಲೆ ಅಲ್ಲಿಂದಲೂ ಕೊಂಡಿ ಟಕ್ಕನೆ ಬಿತ್ತು. ಬೇಲಿಗೆ ಒರಗಿಸಿಟ್ಟ ಪ್ಲಾಸ್ಟಿಕ್ ಕುರ್ಚಿ, ತುಳಸಿ ಕುಂಡಗಳನ್ನೆಲ್ಲ ವೈನಿ ತಾವೇ ದೂರ ಸರಿಸಿದರು.

ಅಡುಗೆಮನೆಯ ಹಿಂಬಾಗಿಲು ಇನ್ನೂ ನೇರ ಕೊಳದ ಕಟ್ಟೆಗೇ ತೆರೆಯುತ್ತದೆ. ಅದರ ಮುಂದೆ ಬೇರೆ ಬೇಲಿ ಹಾಕಲು ಉಸ್ತಾದರು ಅಳತೆ ತೆಗೆದುಕೊಂಡು ಹೋಗಿದ್ದಾರೆ. ಅದಾಗುವ ತನಕ ಆ ಬಾಗಿಲಿಗೆ ಬೀಗ, ಬೀಗದ ಕೈ ಅಣ್ಣನ ಹತ್ತಿರ.